ಗಾಳ ಹಾಕುವವರಿಗೆ ಪೋಲರೈಸ್ಡ್ ಕನ್ನಡಕ: ಏನು ನೋಡಿ ಕೊಳ್ಳಬೇಕು?

ಕೃಷ್ಣಗಿರಿ ಅಣೆಕಟ್ಟೆಯ ಹಿನ್ನೀರಿನಲ್ಲೋ ಊರ ಕೆರೆಯ ಏರಿಯ ಮೇಲೋ ಹೊತ್ತೇರಿದ ಮೇಲೆ ಗಾಳ ಹಿಡಿದು ಕುಳಿತವರಿಗೆ ಇದು ಗೊತ್ತು: ನೀರಿನ ಥಳಥಳದಲ್ಲಿ ಬೆಂಡು ಮುಳುಗಿತೋ ಇಲ್ಲವೋ ಕಾಣುವುದೇ ಇಲ್ಲ. ಮಾಮೂಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಸುತ್ತಲಿನದೆಲ್ಲ ಕಪ್ಪಾಗುತ್ತದೆ, ನೀರಿನ ಮೇಲಿನ ಹೊಳಪೂ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ, ಒಳಗಿನದು ಮಾತ್ರ ಕಾಣುವುದಿಲ್ಲ. ಹೊಳಪನ್ನಷ್ಟೇ ಆರಿಸಿ ತಡೆಯುವುದು ಪೋಲರೈಸ್ಡ್ ಕನ್ನಡಕ. ಇತ್ತೀಚೆಗೆ ಹೊಸೂರಿನ ಕನ್ನಡಕದ ಅಂಗಡಿಗಳಲ್ಲೂ ರಸ್ತೆ ಬದಿಯ ಸ್ಟ್ಯಾಂಡುಗಳಲ್ಲೂ ಈ ಹೆಸರಿನ ಚೀಟಿ ಅಂಟಿಸಿದ ಕನ್ನಡಕಗಳು ಬಹಳ ಸಿಗುತ್ತವೆ. ಚೀಟಿ ಇದ್ದದ್ದೆಲ್ಲ ಅಸಲಿ ಅಲ್ಲ.

ಮೊದಲು ಇದು ಕೆಲಸ ಮಾಡುವ ರೀತಿ. ಬಿಸಿಲಿನ ಬೆಳಕು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತಾ ಬರುತ್ತದೆ. ನೀರಿಗೆ ತಾಗಿ ಹಿಂದಿರುಗುವಾಗ ಅದರಲ್ಲಿ ಅಡ್ಡ ಕಂಪನವೇ ಹೆಚ್ಚು. ಈ ಕನ್ನಡಕದ ಗಾಜಿನ ಪದರ ಅಡ್ಡ ಕಂಪನವನ್ನು ತಡೆದು ಲಂಬ ಕಂಪನವನ್ನು ಮಾತ್ರ ಒಳಗೆ ಬಿಡುತ್ತದೆ. ಯಾವ ಕೋನದಲ್ಲಿ ಹೀಗಾಗುತ್ತದೆ ಎಂಬ ನಿಯಮವನ್ನು ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1815ರಲ್ಲಿ ತೋರಿಸಿಕೊಟ್ಟರು. ನೀರಿನ ಮಟ್ಟಿಗೆ, ದೃಷ್ಟಿ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿದ್ದಾಗ ಪರಿಣಾಮ ಅತಿ ಹೆಚ್ಚು. ನಿಮ್ಮ ಕಣ್ಣು ನೀರಿನಿಂದ 6 ಅಡಿ ಎತ್ತರದಲ್ಲಿದ್ದರೆ ಸುಮಾರು 8 ಅಡಿ ದೂರದ ನೀರು ಅತಿ ಚೆನ್ನಾಗಿ ತಿಳಿಯಾಗಿ ಕಾಣುತ್ತದೆ. ಕಾಲಬುಡದಲ್ಲೂ ಬಹಳ ದೂರದಲ್ಲೂ ಅಷ್ಟು ಫಲ ಸಿಗದು. ತಲೆಯನ್ನು ಪಕ್ಕಕ್ಕೆ ವಾಲಿಸಿದರೂ ಗುಣ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಬಿಲ್ ಹಾಕುವ ಕಂಪ್ಯೂಟರಿನ ಎಲ್‌ಸಿಡಿ ಪರದೆಯ ಮುಂದೆ ಕನ್ನಡಕ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಪರದೆ ಪೂರ್ತಿ ಕಪ್ಪಾಗಿ ಮತ್ತೆ ಬೆಳಗಬೇಕು. ಬದಲಾವಣೆ ಇಲ್ಲದಿದ್ದರೆ ಅದು ಬರೀ ಬಣ್ಣದ ಗಾಜು. ಎರಡೂ ಗಾಜು ಒಟ್ಟಿಗೆ ಕಪ್ಪಾಗುತ್ತವೆಯೇ ಎಂದೂ ನೋಡಿ. ಒಂದು ಮೊದಲು, ಇನ್ನೊಂದು ಆಮೇಲೆ ಕಪ್ಪಾದರೆ ಪದರಗಳು ಸರಿಯಾಗಿ ಕೂತಿಲ್ಲ. ಅಂಥದ್ದನ್ನು ದಿನವಿಡೀ ಹಾಕಿದರೆ ಕಣ್ಣು ಸೋಲುತ್ತದೆ. ಕೊನೆಗೆ ಕನ್ನಡಕ ಹಾಕಿಕೊಂಡು ಹೊರಗೆ ಬಂದು ಬಿಸಿಲಿನ ಟಾರು ರಸ್ತೆ ನೋಡಿ. ಹೊಳಪು ಇಳಿಯಬೇಕು. ಕನ್ನಡಕವನ್ನು ತೆಗೆದು, ಕಾಲು ಸುತ್ತು ತಿರುಗಿಸಿ ಅದರ ಮೂಲಕ ನೋಡಿದರೆ ಹೊಳಪು ಮರಳಬೇಕು.

ಪೋಲರೈಸ್ಡ್ ಎಂದಾಕ್ಷಣ ನೇರಳಾತೀತ ಕಿರಣದಿಂದ ರಕ್ಷಣೆ ಸಿಕ್ಕಂತಲ್ಲ, ಅದು ಬೇರೆಯೇ ಗುಣ. ಯುವಿ400 ಎಂದು ನಮೂದಾಗಿದೆಯೇ ಕೇಳಿ. ಆ ರಕ್ಷಣೆಯಿಲ್ಲದ ಕಡುಗಪ್ಪು ಗಾಜು ಅಪಾಯವೇ, ಏಕೆಂದರೆ ಕತ್ತಲಿಗೆ ಪಾಪೆ ಅಗಲವಾಗಿ ತೆರೆದುಕೊಂಡು ಕಿರಣಗಳು ಇನ್ನಷ್ಟು ಒಳನುಗ್ಗುತ್ತವೆ. ಎಷ್ಟು ಕಪ್ಪು ಎಂಬುದಕ್ಕೆ 0ಯಿಂದ 4ರವರೆಗೆ ದರ್ಜೆಗಳಿವೆ. ನಮ್ಮ ಬಿಸಿಲಿಗೆ 3ನೇ ದರ್ಜೆ ಸಾಕು, ಅದು ಶೇ. 8ರಿಂದ 18ರಷ್ಟು ಬೆಳಕು ಬಿಡುತ್ತದೆ. 4ನೇ ದರ್ಜೆಯದನ್ನು ಹಾಕಿಕೊಂಡು ಗಾಡಿ ಓಡಿಸಬಾರದು.

ಬಣ್ಣದ ವಿಚಾರದಲ್ಲಿ ನಮ್ಮ ನೀರನ್ನು ನೋಡಿ ಹೇಳಬೇಕು. ಹಸಿರುಗಟ್ಟಿದ, ಮಣ್ಣು ಬೆರೆತ ಕೆರೆ ನೀರಿಗೆ ಕಂದು ಅಥವಾ ತಾಮ್ರದ ಬಣ್ಣ ಮೇಲು, ಮೀನಿನ ನೆರಳು ಎದ್ದು ಕಾಣುತ್ತದೆ. ವಿಶಾಲ ಹಿನ್ನೀರಿನ ಉರಿಬಿಸಿಲಿಗೆ ಬೂದು ಬಣ್ಣ ಸರಿ. ಮುಂಜಾನೆ ಮಸುಕಿಗೆ ಹಳದಿ. ಒಂದೇ ಕೊಳ್ಳುವುದಾದರೆ ಕಂದು ಎಂದೇ ನನ್ನ ಸಲಹೆ. ಆದರೆ ಬೆಂಗಳೂರಿನ ಕೊಳಚೆ ಹೊತ್ತು ದಕ್ಷಿಣ ಪಿನಾಕಿನಿಯಲ್ಲಿ ಇಳಿದು ಬಂದು ಕೆಲವರಪಳ್ಳಿಯಲ್ಲಿ ನೊರೆಯೇಳುವ ನೀರಿನೊಳಗೆ ಯಾವ ಕನ್ನಡಕವೂ ಇಣುಕಲಾರದು. ಅಲ್ಲಿನ ಮೀನನ್ನು ಮನೆಗೆ ತರುವ ಮುನ್ನವೂ ಯೋಚಿಸಿ.

ಗಾಜಿನ ಬದಲು ಪಾಲಿಕಾರ್ಬೊನೇಟ್ ಇರಲಿ. ಕಲ್ಲಿಗೆ ಸಿಕ್ಕಿಕೊಂಡ ಗಾಳವನ್ನು ಜಗ್ಗಿದಾಗ ಸೀಸದ ಗುಂಡು, ಕೊಕ್ಕೆ ಸಮೇತ ಮುಖಕ್ಕೇ ಚಿಮ್ಮುತ್ತದೆ. ಒಡೆಯದ ಕನ್ನಡಕ ಆಗ ಕಣ್ಣನ್ನೇ ಉಳಿಸೀತು. ಪಕ್ಕದಲ್ಲಿ ಕೂತ ಮಕ್ಕಳಿಗೂ ಒಂದು ಹಾಕಿಸಿ. ಪಕ್ಕದಿಂದ ಬೆಳಕು ನುಗ್ಗದಂತೆ ಅಗಲ ಕಡ್ಡಿಯ, ಮುಖಕ್ಕೆ ಒತ್ತಿ ಕೂರುವ ಚೌಕಟ್ಟು ಒಳ್ಳೆಯದು. ಪವರ್ ಇರುವವರು ಕ್ಲಿಪ್ ಹಾಕಿಕೊಳ್ಳಬಹುದು, ಇಲ್ಲವೇ ಪವರ್ ಸಮೇತ ಮಾಡಿಸಬಹುದು. ನಲವತ್ತೈದು ದಾಟಿದವರು ಬೈಫೋಕಲ್ ಕೇಳಿ, ಇಲ್ಲದಿದ್ದರೆ ಕೊಕ್ಕೆಗೆ ದಾರ ಕಟ್ಟಲು ಮೊಮ್ಮಗನನ್ನು ಕರೆಯಬೇಕಾದೀತು.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ತಳ ಸ್ಪಷ್ಟವಾಗಿ ಕಂಡಿತೆಂದು ನೀರಿಗೆ ಇಳಿಯಬೇಡಿ. ನೇರ ಮೇಲಿನಿಂದ ನೋಡಿದಾಗ 4 ಅಡಿ ಆಳದ ನೀರು 3 ಅಡಿಯಂತೆ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಕನ್ನಡಕ ಹೊಳಪು ತೆಗೆಯುತ್ತದೆಯೇ ಹೊರತು ಈ ಭ್ರಮೆಯನ್ನಲ್ಲ. ಹೊಗೇನಕಲ್ ಕಡೆಯ ಪಾಚಿಗಟ್ಟಿದ ಬಂಡೆಗಳ ಮೇಲಂತೂ ಇದು ಜೀವದ ಪ್ರಶ್ನೆ. ಆ ಕಡೆಯ ಕಾವೇರಿ ದಡದ ಬಹುಭಾಗ 2022ರಲ್ಲಿ ಘೋಷಣೆಯಾದ ಕಾವೇರಿ ದಕ್ಷಿಣ ವನ್ಯಜೀವಿಧಾಮಕ್ಕೆ ಸೇರಿದೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಳ ಹಾಕುವಂತಿಲ್ಲ. ಅಣೆಕಟ್ಟೆಗಳಲ್ಲೂ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ಹೋಗಿ.

ಧೂಳು ಹಿಡಿದ ಕನ್ನಡಕವನ್ನು ಪಂಚೆಯಲ್ಲಿ ಒರೆಸಬೇಡಿ, ಮೊದಲು ಒಳ್ಳೆಯ ನೀರಲ್ಲಿ ತೊಳೆಯಿರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಪದರ ಕಿತ್ತು ಬರಬಹುದು. ಕುತ್ತಿಗೆಗೆ ದಾರ ಕಟ್ಟಿಕೊಳ್ಳಿ, ನೀರಿಗೆ ಬಿದ್ದದ್ದು ಸಿಗುವುದಿಲ್ಲ. ಮೊಬೈಲು, ಬೈಕಿನ ಡಿಜಿಟಲ್ ಮೀಟರು ಕಪ್ಪಾಗಿ ಕಂಡರೆ ಅವು ಕೆಟ್ಟಿಲ್ಲ, ಕನ್ನಡಕದ ಗುಣವೇ ಹಾಗೆ. ಸಂಜೆ ಹೆದ್ದಾರಿ ಹತ್ತುವ ಮುನ್ನ ತೆಗೆದಿಟ್ಟುಬಿಡಿ.