ಬೀಗವಿಲ್ಲದೆ ಹುಟ್ಟಿದ ರಥ

1888ರ ಆಗಸ್ಟ್ ಮಾಸದಲ್ಲಿ, ಜರ್ಮನಿಯ ಮಾನ್‌ಹೈಮ್ ಪಟ್ಟಣದಿಂದ, ಕಾರ್ಲ್ ಬೆಂಜ್‌ನ ಪತ್ನಿ ಬೆರ್ತಾ ಇಬ್ಬರು ಗಂಡುಮಕ್ಕಳನ್ನು ಜೊತೆಗೆ ಕರೆದುಕೊಂಡು, ಗಂಡನಿಗೆ ಸುಳಿವನ್ನೂ ಕೊಡದೆ, ಆತನು ನಿರ್ಮಿಸಿದ್ದ ಮೂರು ಚಕ್ರಗಳ ಮೋಟಾರು ಗಾಡಿಯನ್ನು ಹೊರತೆಗೆದು, ನೂರು ಕಿಲೋಮೀಟರಿಗೂ ಮಿಗಿಲಾದ ದೂರದ ಫೋರ್ಟ್ಸ್‌ಹೈಮಿನ ತವರುಮನೆಗೆ ಹೊರಟುಬಿಟ್ಟಳು. ಮೋಟಾರಿನ ಚರಿತ್ರಕಾರರು ಇದನ್ನು ಮೊದಲ ದೂರಪ್ರಯಾಣವೆಂದು ಕೊಂಡಾಡುತ್ತಾರೆ. ಚೋರವಿದ್ಯೆಯ ಕಡೆಯಿಂದ ನೋಡುವವನಿಗೆ, ಒಡೆಯನಿಗೆ ತಿಳಿಸದೆ ಕಾರನ್ನೊಯ್ದ ಮೊದಲ ಪ್ರಸಿದ್ಧ ಪ್ರಸಂಗವಾಗಿಯೂ ಇದು ತೋರಬಹುದು. ಆಕೆಯ ಸ್ತ್ರೀಧನವೇ ಆ ಉದ್ಯಮಕ್ಕೆ ಬಂಡವಾಳವಾಗಿದ್ದಿತಾದುದರಿಂದ ಕಳವಿನ ಮಾತನ್ನೆತ್ತಲು ಯಾರಿಗೂ ಬಾಯಿರಲಿಲ್ಲವೆನ್ನಿ.

ಆ ಗಾಡಿಗೆ ಬೀಗವೆಂಬುದೇ ಇರಲಿಲ್ಲ. ಇದನ್ನು ಮರೆವೆಂದು ತಿಳಿಯಲಾಗದು. ಕುದುರೆಗಾಡಿಗೆ ಬೀಗ ಜಡಿದವರುಂಟೆ? ಅದನ್ನು ಕಾಯುವುದಕ್ಕೆ ಸಾರಥಿಯಿದ್ದನು. ಮೋಟಾರು ಬಂದ ಮೇಲೂ ಶ್ರೀಮಂತರ ಕಾರಿನೊಡನೆ ಸಂಬಳದ ಚಾಲಕನೊಬ್ಬನು ಬಹುಕಾಲ ಇದ್ದೇ ಇದ್ದನು. ಅಲ್ಲದೆ ಇಂಜಿನನ್ನು ಎಬ್ಬಿಸುವ ಪ್ರಯಾಸವೇ ಒಂದು ಬೀಗವಾಗಿದ್ದಿತು: ಕಿಡಿ ಹಾರುವ ಗಳಿಗೆಯನ್ನು ತುಸು ಹಿಂದಕ್ಕೆ ಸರಿಸಿ, ಪೆಟ್ರೋಲನ್ನು ಹದಮಾಡಿ, ಮುಂದುಗಡೆಯ ಹ್ಯಾಂಡಲನ್ನು ಹೊಡೆಯಬೇಕು; ಹದ ತಪ್ಪಿದರೆ ಹ್ಯಾಂಡಲು ಹಿಮ್ಮುಖವಾಗಿ ಒದ್ದು ಮಣಿಕಟ್ಟನ್ನೇ ಮುರಿಯುತ್ತಿದ್ದಿತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್‌ನ ವಿದ್ಯುತ್ ಸ್ಟಾರ್ಟರ್ ಕಾಣಿಸಿಕೊಂಡಿತು. ಒಡೆಯನ ಮಣಿಕಟ್ಟನ್ನು ಕಾಪಾಡಿದ ಆ ಯಂತ್ರವೇ ಕಳ್ಳನ ಮಣಿಕಟ್ಟನ್ನೂ ಕಾಪಾಡಿತು.

ಕಿಡಿಯ ವಿದ್ಯುತ್ತನ್ನು ತಡೆಯುವ ಸ್ವಿಚ್ಚಿಗೆ ಕೀಲಿಕೈಯೇನೋ ಬಂದಿತು. ಆದರೆ ಅದರ ಹಿಂಬದಿಯ ತಂತಿಗಳನ್ನು ಕಿತ್ತು ಕೂಡಿಸಬಲ್ಲವನಿಗೆ ಕೀಲಿಕೈಯ ಹಂಗೇನು? ಕದ್ದ ಕಾರು ಗಡಿ ದಾಟಿದೊಡನೆ ಒಂದು ರಾಜ್ಯದ ಪೊಲೀಸರ ಕೈ ಕಟ್ಟಿದಂತಾಗುತ್ತಿದ್ದುದರಿಂದ, 1919ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಥ ಸಾಗಣೆಯನ್ನು ಇಡೀ ದೇಶದ ಅಪರಾಧವೆಂದು ವಿಧಿಸಿ ಡಯರ್ ಕಾಯಿದೆಯನ್ನು ರಚಿಸಬೇಕಾಯಿತು. 1940ರಲ್ಲಿ ಬ್ರಿಟನ್ನಿಗೆ ಇದಕ್ಕಿಂತ ದೊಡ್ಡ ಕಳ್ಳನ ಭಯ ಹುಟ್ಟಿತು: ಜರ್ಮನ್ ಸೈನಿಕರು ಬಂದಿಳಿದರೆ ನಿಂತ ಕಾರುಗಳನ್ನೇ ಹತ್ತಿ ಹೋಗದಿರಲೆಂದು, ಕಾರನ್ನು ಬಿಟ್ಟು ಹೋಗುವವನು ಅದನ್ನು ನಿಶ್ಚಲಗೊಳಿಸಿಯೇ ಹೋಗತಕ್ಕದ್ದೆಂದು ಆಜ್ಞೆಯಾಯಿತು. ಅನೇಕರು ಕಿಡಿಯನ್ನು ಹಂಚುವ ರೋಟರ್ ಎಂಬ ಹೆಬ್ಬೆಟ್ಟಿನಷ್ಟು ಗಾತ್ರದ ತುಣುಕನ್ನು ಬಿಚ್ಚಿ ಜೇಬಿಗಿಳಿಸಿ ನಡೆದರು. ನನ್ನ ಮಟ್ಟಿಗೆ, ಈ ಚರಿತ್ರೆಯಲ್ಲಿ ಇಷ್ಟು ಅಗ್ಗವೂ ಇಷ್ಟು ಸೊಗಸೂ ಆದ ಉಪಾಯ ಮತ್ತೊಂದಿಲ್ಲ.

ಕಳವೆಂದರೆ ಯಾವುದೆಂಬ ಪ್ರಶ್ನೆಯಲ್ಲಿ ಆಂಗ್ಲರ ನ್ಯಾಯಶಾಸ್ತ್ರ ಸ್ವಲ್ಪ ಎಡವಿತ್ತು. ಒಡೆಯನಿಂದ ವಸ್ತುವನ್ನು ಶಾಶ್ವತವಾಗಿ ಕಸಿದುಕೊಳ್ಳುವ ಉದ್ದೇಶವಿದ್ದರಲ್ಲದೆ ಅಲ್ಲಿ ಕಳವು ಸಿದ್ಧಿಸದು. ಹುಡುಗರು ಅನ್ಯರ ಕಾರನ್ನು ಒಂದು ಸಂಜೆ ಓಡಿಸಿ ಎಲ್ಲಿಯೋ ಬಿಟ್ಟುಹೋದರೆ ಅವರನ್ನು ಕಳ್ಳರೆನ್ನಲು ನ್ಯಾಯಾಧೀಶನಿಗೆ ಬಾಯಿ ಬಾರದು. ಆದುದರಿಂದ 1930ರ ರಸ್ತೆ ಸಂಚಾರ ಕಾಯಿದೆಯಲ್ಲಿ, ಅನುಮತಿಯಿಲ್ಲದೆ ಒಯ್ದು ಓಡಿಸುವುದೇ ಬೇರೊಂದು ಅಪರಾಧವೆಂದು ಬರೆಯಬೇಕಾಯಿತು. ನಮ್ಮ 1860ರ ದಂಡಸಂಹಿತೆಗೆ ಈ ತೊಡಕಿರಲಿಲ್ಲ. ಅದರ 378ನೆಯ ವಿಧಿಯ ಒಂದು ದೃಷ್ಟಾಂತದಲ್ಲಿ, ನಿಧಿಯ ಪೆಟ್ಟಿಗೆಯನ್ನು ಹೊತ್ತ ಎತ್ತನ್ನು ಒಬ್ಬನು ದುರುದ್ದೇಶದಿಂದ ಅಟ್ಟುತ್ತಾನೆ. ಎತ್ತು ಹೆಜ್ಜೆ ಕಿತ್ತೊಡನೆಯೇ ಕಳವು ಪೂರ್ಣವಾಗುತ್ತದೆ. ಮೋಟಾರನ್ನು ಕಂಡರಿಯದ ಕಾಲದಲ್ಲಿ ಬರೆದ ಮಾತು ಕಾರಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! 1957ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಜೋಧಪುರದ ವಾಯುಪಡೆಯ ಶಿಕ್ಷಣಾರ್ಥಿಯೊಬ್ಬನು ಅಪ್ಪಣೆಯಿಲ್ಲದೆ ವಿಮಾನವನ್ನೇ ಹಾರಿಸಿಕೊಂಡು ಪಾಕಿಸ್ತಾನದಲ್ಲಿಳಿದ ಪ್ರಕರಣದಲ್ಲಿ, ತಾತ್ಕಾಲಿಕವಾಗಿ ಒಯ್ದರೂ ಕಳವು ಕಳವೇ ಎಂದು ತೀರ್ಪಿತ್ತಿತು.

ಮುಂದಿನ ಕಥೆ ಉಕ್ಕಿನದು, ಆಮೇಲೆ ವಿದ್ಯುತ್ಕಣಗಳದು. 1960ರ ದಶಕದ ಆದಿಯಲ್ಲಿ ಪಶ್ಚಿಮ ಜರ್ಮನಿಯು ಸ್ಟೀರಿಂಗನ್ನೇ ಬಿಗಿದು ನಿಲ್ಲಿಸುವ ಬೀಗವನ್ನು ಹೊಸ ಕಾರುಗಳಿಗೆ ಕಡ್ಡಾಯಪಡಿಸಿತು; 1970ರಿಂದ ಅಮೆರಿಕವೂ ಸ್ಟೀರಿಂಗನ್ನಾಗಲಿ ಕಾರಿನ ಮುನ್ನಡೆಯನ್ನಾಗಲಿ ತಡೆಯುವ ಬೀಗವನ್ನು ವಿಧಿಸಿತು. 1998ರಿಂದ ಬ್ರಿಟನ್ನಿನ ಹೊಸ ಕಾರುಗಳಲ್ಲಿ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ಕೀಲಿಕೈಯೊಳಗಿನ ಸಣ್ಣ ಚಿಪ್ ತನ್ನ ಗುರುತನ್ನು ಹೇಳಿದ ಹೊರತು ಇಂಜಿನು ಏಳದು, ತಂತಿ ಕೂಡಿಸಿ ಫಲವಿಲ್ಲ. ಆದರೆ ಕಾರನ್ನು ಬಿಟ್ಟು ಅದರೊಳಗಿನ ವಸ್ತುವನ್ನಷ್ಟೇ ಬಯಸುವ ಕಳ್ಳನಿಗೆ ಇವಾವುವೂ ಅಡ್ಡಿಯಲ್ಲ. ಅವನಿಗೆ ಒಂದು ಕಲ್ಲು ಸಾಕು. 1980ರ ದಶಕದ ನ್ಯೂಯಾರ್ಕಿನಲ್ಲಿ ಒಳಗೆ ರೇಡಿಯೋ ಇಲ್ಲವೆಂದು ಚೀಟಿ ಬರೆದು ಕಿಟಕಿಗೆ ಅಂಟಿಸಿ ಹೋಗುವುದು ಕಾರಿನವರ ವಾಡಿಕೆಯಾಗಿದ್ದಿತು, ಕಳ್ಳನು ಅಕ್ಷರಸ್ಥನೂ ವಿಶ್ವಾಸಶೀಲನೂ ಆಗಿರುವನೆಂಬ ಭರವಸೆಯಿಂದ.

ಈಗ ಕೀಲಿಯನ್ನು ಜೇಬಿನಿಂದ ತೆಗೆಯುವ ಶ್ರಮವೂ ಒಡೆಯನಿಗಿಲ್ಲ. ಹತ್ತಿರ ಸುಳಿದರೆ ಬಾಗಿಲು ತೆರೆಯುತ್ತದೆ, ಗುಂಡಿಯನ್ನೊತ್ತಿದರೆ ಇಂಜಿನು ಏಳುತ್ತದೆ. ರಾತ್ರಿ ಇಬ್ಬರು ಬರುತ್ತಾರೆ: ಒಬ್ಬನು ಮನೆಯ ಬಾಗಿಲ ಬಳಿ ನಿಂತು ಒಳಗಿನ ಕೀಲಿಯ ಕ್ಷೀಣ ಸಂಕೇತವನ್ನು ಯಂತ್ರದಿಂದ ಹಿಡಿದು ಕಾರಿನ ಬಳಿಯಿರುವ ಇನ್ನೊಬ್ಬನಿಗೆ ರವಾನಿಸುತ್ತಾನೆ, ಕಾರು ಒಡೆಯನೇ ಬಂದನೆಂದು ನಂಬುತ್ತದೆ. ಆದುದರಿಂದ ಬ್ರಿಟನ್ನಿನ ಎಷ್ಟೋ ಗೃಹಸ್ಥರು ಸ್ಟೀರಿಂಗಿಗೆ ಅಡ್ಡಲಾಗಿ ಹಾಕುವ ಹಳೆಯ ಕಬ್ಬಿಣದ ಕೋಲನ್ನು ಮತ್ತೆ ಕೊಂಡು ತಂದಿದ್ದಾರೆ; ಅದನ್ನು ಬಿಗಿದು ಒಳಗೆ ಬಂದ ಮೇಲೆ, ಕಾರಿನ ಕೀಲಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ಮಲಗುತ್ತಾರೆ.