ದೊರೆಗೂ ದಂಡ, ದುಡ್ಡು ಮಾತ್ರ ದೊರೆಯದ್ದೇ

ಹೊಸಮನೆ ಅಂದರೆ ‘ಯಾವ ಹೊಸಮನೆ?’ ಅಂತ ಕೇಳೋದು ನಮ್ಮ ಕಡೆ ರೂಢಿ. ಶಿವಮೊಗ್ಗದಲ್ಲೊಂದಿದೆ, ಭದ್ರಾವತಿಯಲ್ಲೊಂದಿದೆ. ಎರಡೂ ಹೊಸಮನೆಯವರಿಗೆ ವಿಶ್ವವಿದ್ಯಾಲಯ ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, 1987ರದ್ದು. ಆದರೆ ಅದಕ್ಕೂ ಎಂಟುನೂರು ಚಿಲ್ಲರೆ ವರ್ಷ ಮೊದಲೇ ನಮ್ಮ ಜಿಲ್ಲೆಯಲ್ಲಿ ಕಾನೂನು ಓದೋದಕ್ಕೆ ಸರ್ಕಾರಿ ಹಣ ಬರುತ್ತಿತ್ತು ಅಂದರೆ ನಂಬ್ತೀರಾ? ಕಲ್ಲಿನ ಮೇಲೆ ಬರೆದಿದೆ, ನಂಬಲೇಬೇಕು :)

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ದೇವಸ್ಥಾನ ನೋಡಿರುತ್ತೀರಿ. ಅಲ್ಲೇ ಕೆರೆಯ ಕೋಡಿಯ ಹತ್ತಿರ ಇದ್ದ ಕಾಳಾಮುಖರ ಮಠಕ್ಕೆ ಕೋಡಿಯಮಠ ಅಂತ ಹೆಸರು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಅಂತ ಪಟ್ಟಿ ಕೊಡುತ್ತದೆ. ನಾಲ್ಕು ವೇದ, ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ನ್ಯಾಯ, ವೈಶೇಷಿಕ, ಸಾಂಖ್ಯ, ಶೈವ ಮಠವಾದರೂ ಬೌದ್ಧ ದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಜೊತೆಗೆ ಧರ್ಮಶಾಸ್ತ್ರ. ಅಷ್ಟೇ ಅಲ್ಲ, ಕುಂಟರು, ಕುರುಡರು, ಕಿವುಡರಿಗೆ ಊಟ, ರೋಗಿಗಳಿಗೆ ಔಷಧ, ಹೆದರಿ ಬಂದ ಪ್ರಾಣಿಗೆಲ್ಲ ಅಭಯ. ಪಾಠ, ಊಟ, ಔಷಧ ಎಲ್ಲ ಒಂದೇ ಕಾಂಪೌಂಡಿನಲ್ಲಿ! ನಮ್ಮ ಪ್ರಾಜೆಕ್ಟುಗಳ ರಿಕ್ವೈರ್‌ಮೆಂಟ್ ಡಾಕ್ಯುಮೆಂಟುಗಳು ಇದರ ಅರ್ಧದಷ್ಟು ಸ್ಪಷ್ಟವಾಗಿದ್ದರೆ ಎಷ್ಟೋ ರಾತ್ರಿ ನಿದ್ದೆ ಉಳಿಯುತ್ತಿತ್ತು. ಬಿ.ಎಲ್. ರೈಸ್ ಸಾಹೇಬರು 1902ರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೆಲ್ಲ ಅಚ್ಚು ಹಾಕಿಸಿದರು. ಅದರಿಂದಲೇ ಇದೆಲ್ಲ ನಮ್ಮ ನಿಮ್ಮಂಥವರ ಕೈಗೆ ಸಿಕ್ಕಿದ್ದು.

ಹಣ ಹೇಗೆ ಬರುತ್ತಿತ್ತು? ವರ್ಷ ವರ್ಷ ಅರ್ಜಿ ಹಾಕೋದಲ್ಲ. ದೊರೆ ಊರನ್ನೋ, ಇಷ್ಟು ಮತ್ತರು ಗದ್ದೆಯನ್ನೋ ಗುರುವಿನ ಕಾಲು ತೊಳೆದು ಧಾರೆ ಎರೆದು ಕೊಡುತ್ತಿದ್ದ. ‘ಸರ್ವಬಾಧಾಪರಿಹಾರ’ ಅಂತ ಬರೆದರೆ ಅರಮನೆಯ ತೆರಿಗೆಯವರು ಆ ಕಡೆ ತಲೆ ಹಾಕುವಂತಿಲ್ಲ. ಎಲ್ಲೆ ಎಲ್ಲಿಂದ ಎಲ್ಲಿಗೆ ಅಂತ ಬರೆಸಿ, ಕೊನೆಗೆ ಇದನ್ನು ಕೆಡಿಸಿದವನಿಗೆ ಒಂದು ಭಯಂಕರ ಶಾಪ. ಆ ಶಾಪ ನಮಗೆ ನಗು ತರಿಸಬಹುದು. ಆದರೆ ಅದರ ಗುರಿ ಯಾರು ಅಂತ ಯೋಚಿಸಿ. ಬಡ ಕಳ್ಳ ಗದ್ದೆ ಹೊತ್ತುಕೊಂಡು ಹೋಗೋಲ್ಲ. ಅದು ಮುಂದೆ ಬರುವ ದೊರೆಗೆ, ಅವನ ಅಧಿಕಾರಿಗೆ ಹೇಳಿದ ಮಾತು. ನಾನು ಕೊಟ್ಟದ್ದನ್ನು ನೀನು ಕಿತ್ತುಕೊಳ್ಳಬೇಡ ಅಂತ ಒಬ್ಬ ದೊರೆ ಇನ್ನೊಬ್ಬ ದೊರೆಯ ಕೈ ಕಟ್ಟುವುದು.

ಇಲ್ಲೇ ಒಂದು ತಮಾಷೆ ಇದೆ. 1162ರಲ್ಲಿ ಈ ದಾನ ಕೊಟ್ಟವನು ಬಿಜ್ಜಳ. ಹೌದು, ಬಸವಣ್ಣನವರ ಕಲ್ಯಾಣದ ಅದೇ ಬಿಜ್ಜಳ. ಚಾಲುಕ್ಯರ ಮಾಂಡಲಿಕನಾಗಿದ್ದವನು ಒಡೆಯನ ಸಿಂಹಾಸನವನ್ನೇ ಕಿತ್ತುಕೊಂಡ. ಕೋಡಿಯಮಠವೋ ಹಿಂದೆ ಚಾಲುಕ್ಯರ ದತ್ತಿಯಲ್ಲೇ ಬೆಳೆದದ್ದು. ದಕ್ಷಿಣದ ಕಡೆ ದಂಡೆತ್ತಿ ಬಂದವನು ಬಳ್ಳಿಗಾವಿಯಲ್ಲಿ ಬೀಡುಬಿಟ್ಟು, ಧರ್ಮಶಾಸ್ತ್ರ ಹೇಳಿಕೊಡುವ ಮಠಕ್ಕೆ ಭೂಮಿ ಕೊಡುತ್ತಾನೆ. ಕಾನೂನು ಮುರಿದು ಗದ್ದುಗೆ ಏರಿದವನಿಗೆ ಕಾನೂನು ಬಲ್ಲವರ ಆಶೀರ್ವಾದ ಎಲ್ಲರಿಗಿಂತ ಜಾಸ್ತಿ ಬೇಕಾಗುತ್ತದೆ ಅಂತ ನನ್ನ ಅನಿಸಿಕೆ.

ಅವನೇ ಮೊದಲಿಗನೇನಲ್ಲ. ಆರನೇ ವಿಕ್ರಮಾದಿತ್ಯ 1076ರಲ್ಲಿ ಸ್ವಂತ ಅಣ್ಣ ಎರಡನೇ ಸೋಮೇಶ್ವರನನ್ನು ಇಳಿಸಿ ಪಟ್ಟಕ್ಕೆ ಬಂದ. ಅದು ಸರಿ ಅಂತ ಹೇಳೋದಕ್ಕೆ ಬಿಲ್ಹಣ ಕಾವ್ಯವನ್ನೇ ಬರೆದ. ಅದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಟೀಕೆ ಬರೆದದ್ದು. ಕೋಲ್‌ಬ್ರೂಕ್ 1810ರಲ್ಲಿ ಅದರ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಅದನ್ನೇ ಹಿಡಿದುಕೊಂಡವು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಅಂತ 2005ರಲ್ಲಿ ದೇಶಕ್ಕೆಲ್ಲ ತಿದ್ದುಪಡಿ ಬಂತಲ್ಲ (ನಮ್ಮ ರಾಜ್ಯ ಒಂದು ಮಟ್ಟಿಗೆ 1994ರಲ್ಲೇ ಮಾಡಿತ್ತು), ಅದು ತಿದ್ದಿದ್ದು ಈ ಮಿತಾಕ್ಷರಾ ಪದ್ಧತಿಯನ್ನೇ.

ಗ್ರಂಥದ ಕೊನೆಯಲ್ಲಿ ವಿಜ್ಞಾನೇಶ್ವರ ಕಲ್ಯಾಣ ಪಟ್ಟಣವನ್ನೂ ದೊರೆಯನ್ನೂ ಬಾಯಿತುಂಬ ಹೊಗಳುತ್ತಾನೆ. ಸರಿ, ಅನ್ನದ ಋಣ. ಆದರೆ ಒಳಗೆ? ದೊರೆ ಸಿಟ್ಟು, ಲೋಭ ಬಿಟ್ಟು ಶಾಸ್ತ್ರದಂತೆ ವ್ಯಾಜ್ಯ ನೋಡಬೇಕು. ನ್ಯಾಯಸಭೆಯಲ್ಲಿ ಕೂತವರು ಪ್ರೀತಿಗೋ, ದುಡ್ಡಿಗೋ, ಹೆದರಿಕೆಗೋ ತಪ್ಪು ತೀರ್ಪು ಕೊಟ್ಟರೆ ಒಬ್ಬೊಬ್ಬರಿಗೂ ದುಪ್ಪಟ್ಟು ದಂಡ. ದೊರೆ ಅನ್ಯಾಯವಾಗಿ ಯಾರಿಂದಲಾದರೂ ದಂಡ ವಸೂಲಿ ಮಾಡಿದರೆ ಅದರ ಮೂವತ್ತು ಪಟ್ಟು ವರುಣನಿಗೆ ಒಪ್ಪಿಸಿ ಬ್ರಾಹ್ಮಣರಿಗೆ ಕೊಡಬೇಕು! ಮೂಲ ಸ್ಮೃತಿಯ ಮಾತುಗಳು ಇವು, ಟೀಕಾಕಾರ ಮೆತ್ತಗೆ ಮಾಡಲು ಹೋಗಿಲ್ಲ. ಇದನ್ನು ಇವತ್ತಿನ ಅರ್ಥದ ‘ಕಾನೂನಿನ ಆಳ್ವಿಕೆ’ ಅಂತ ಕುಣಿಯೋ ಹಾಗಿಲ್ಲ ಬಿಡಿ. ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ದಂಡ ಹೇಳುವ ಪುಸ್ತಕವೂ ಇದೇ. ಆ ಮೂವತ್ತು ಪಟ್ಟು ಹಣ ಯಾರ ಮನೆಗೆ ಹೋಗುತ್ತದೆ ಅನ್ನೋದನ್ನೂ ಗಮನಿಸಿ. ದಂಡ ಕಟ್ಟಿ ನೊಂದವನ ಮನೆಗಂತೂ ಅಲ್ಲ.

ಈ ಮೂವತ್ತು ಪಟ್ಟಿನ ಕಥೆ ಇನ್ನೊಂದು ಕಡೆಯೂ ಬರುತ್ತದೆ, ಅದಕ್ಕೆ ಮೈಸೂರಿಗೆ ಹೋಗಬೇಕು. 1891ರಲ್ಲಿ ಮೈಸೂರು ಸಂಸ್ಥಾನ ಒಂದು ಓರಿಯಂಟಲ್ ಲೈಬ್ರರಿ ತೆರೆಯಿತು. ತಾಳೆಗರಿ ಕೂಡಿಸೋದು, ಓದೋದು, ಅಚ್ಚು ಹಾಕೋದು, ಇದಕ್ಕೆ ಪಂಡಿತರಿಗೆ ಸರ್ಕಾರಿ ಸಂಬಳ. 1905ರ ಹೊತ್ತಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟಿದ್ದ ಗ್ರಂಥ ಲಿಪಿಯ ಕಟ್ಟೊಂದು ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿತ್ತು. ಅದು ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಫ್ಲೀಟ್ ಅವರ ಮುನ್ನುಡಿಯೊಂದಿಗೆ ಇಂಗ್ಲಿಷ್ ಅನುವಾದ.

ಅರ್ಥಶಾಸ್ತ್ರ ಅಂದರೆ ಗೂಢಚಾರರು, ವಿಷಕನ್ಯೆ ಅಂತಲೇ ಎಲ್ಲರಿಗೂ ನೆನಪು. ಮೂರನೇ ಅಧಿಕರಣ ಪೂರ್ತಿ ಸಿವಿಲ್ ಕಾನೂನು. ನಾಲ್ಕನೆಯದರಲ್ಲಿ, ಕಕ್ಷಿದಾರನನ್ನು ಗದರಿಸುವ, ಹೊರಗೆ ಕಳಿಸುವ ನ್ಯಾಯಾಧೀಶನಿಗೆ ದಂಡ. ಅದೇ ಅಧಿಕರಣದ ಕೊನೆಯಲ್ಲಿ, ತಪ್ಪಿಲ್ಲದವನನ್ನು ದಂಡಿಸಿದ ದೊರೆಗೆ ಮೂವತ್ತು ಪಟ್ಟು ದಂಡ, ನೀರಿಗೆ ಹಾಕಿ ವರುಣನಿಗೆ ಒಪ್ಪಿಸಬೇಕು. ಯಾಜ್ಞವಲ್ಕ್ಯ ಹೇಳಿದ್ದೇ ಇಲ್ಲೂ ಇದೆ. ಹಾಗಂತ ಕೌಟಿಲ್ಯ ದೊರೆಯ ವಿರೋಧಿಯೇನಲ್ಲ, ವ್ಯಾಜ್ಯದಲ್ಲಿ ಉಳಿದೆಲ್ಲಕ್ಕಿಂತ ರಾಜಶಾಸನವೇ ಮೇಲು ಅಂತ ಹೇಳಿದವನೂ ಅವನೇ. ಈ ಎಳೆದಾಟ ಗೊತ್ತಾಗಬೇಕಾದರೆ ಯಾರಾದರೂ ವರ್ಷಗಟ್ಟಲೆ ಕೂತು ಗರಿ ಬಿಡಿಸಲೇಬೇಕಿತ್ತು.

ಲಾಭ ಏನು ಅಂತ ಮೊದಲೇ ಬರೆದುಕೊಡಿ ಅಂದಿದ್ದರೆ ಶಾಮಾಶಾಸ್ತ್ರಿಗಳು ಏನಂತ ಬರೆಯುತ್ತಿದ್ದರು? ಕಪಾಟಿನಲ್ಲಿ ಏನಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಸಂಬಳ ಬಂತು, ಗರಿ ಬಂತು, ಓದಿದರು. ಆ ಲೈಬ್ರರಿ 1916ರಲ್ಲಿ ಹೊಸದಾಗಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಈಗಿನ ಹೆಸರು ಪ್ರಾಚ್ಯವಿದ್ಯಾ ಸಂಶೋಧನಾಲಯ. ತಾಳೆಗರಿಯ ಆ ಕಟ್ಟು ಅಲ್ಲೇ ಇದೆ.