ಬೆಂಕಿಯ ಮುಂದೆ ಬಟ್ಟೆ: ಅಪೊಲೊ 1 ಕಲಿಸಿದ ಪಾಠ



ದಾನಿಯೇಲನ ಗ್ರಂಥದ ಮೂರನೇ ಅಧ್ಯಾಯ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಏಳರಷ್ಟು ಹೆಚ್ಚಾಗಿ ಉರಿಸಿದ ಆವಿಗೆಯಿಂದ ಶದ್ರಕ್, ಮೇಶಕ್, ಅಬೇದ್‌ನೆಗೋ ಹೊರಬಂದಾಗ ಅವರ ಉಡುಪಿಗೆ ಬೆಂಕಿಯ ವಾಸನೆ ಕೂಡ ತಗಲಿರಲಿಲ್ಲ. ಅದು ದೇವರ ಕೆಲಸ. ಮನುಷ್ಯ ನೇಯ್ದ ಬಟ್ಟೆ ಬೆಂಕಿಯ ಮುಂದೆ ಎಷ್ಟು ಹೊತ್ತು ನಿಂತೀತು?

1967 ಜನವರಿ 27. ಅಮೆರಿಕದ ಫ್ಲಾರಿಡಾದಲ್ಲಿ ಅಪೊಲೊ 1 ನೌಕೆಯೊಳಗೆ ಗಸ್ ಗ್ರಿಸ್ಸಮ್, ಎಡ್ ವೈಟ್, ರೋಜರ್ ಚಾಫಿ ನೆಲದ ಮೇಲಿನ ಪರೀಕ್ಷೆಗೆ ಕುಳಿತಿದ್ದರು. ಒಳಗೆ ಗಾಳಿಯ ಬದಲು ಶುದ್ಧ ಆಮ್ಲಜನಕ ತುಂಬಿತ್ತು. ಗಾಳಿಯಲ್ಲಿ ನಿಧಾನವಾಗಿ ಉರಿಯುವ ವಸ್ತುಗಳೂ ಅದರಲ್ಲಿ ಭಗ್ಗನೆ ಹೊತ್ತಿಕೊಳ್ಳುತ್ತವೆ. ಒಂದು ಕಿಡಿ ಸಾಕಾಯಿತು. ನೈಲಾನ್ ಬಲೆ, ವೆಲ್ಕ್ರೋ ಪಟ್ಟಿಗಳೇ ಬೆಂಕಿಗೆ ಸೌದೆಯಾದವು. ಉಡುಪಿನ ನೈಲಾನ್ ಕರಗಿ ಒಳಭಾಗಕ್ಕೆ ಅಂಟಿಕೊಂಡಿತು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಒಳಗಿನ ಒತ್ತಡ ಏರಿದ್ದರಿಂದ ಅದನ್ನು ಎಳೆಯಲಾಗಲಿಲ್ಲ. ಹೊರಗಿನವರು ತೆರೆಯುವಷ್ಟರಲ್ಲಿ ಸುಮಾರು ಐದು ನಿಮಿಷ ಕಳೆದಿತ್ತು. ಮೂವರೂ ವಿಷದ ಹೊಗೆಗೆ ಬಲಿಯಾಗಿದ್ದರು.

ಅಲ್ಲೂ ಮೂವರು, ಇಲ್ಲೂ ಮೂವರು. ಇವರನ್ನು ದೇವರು ಕೈಬಿಟ್ಟರೇ? ಹಾಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಉಳಿದವರು ಏನು ಮಾಡಿದರು ಎಂಬುದನ್ನು ನೋಡೋಣ.

ಅವರು ತಪ್ಪನ್ನು ಮುಚ್ಚಿಡದೆ ಒಂದೊಂದಾಗಿ ಹುಡುಕಿದರು. ಬಾಗಿಲು ಹೊರಕ್ಕೆ, ಬೇಗನೆ ತೆರೆಯುವಂತಾಯಿತು. ಉಡಾವಣೆಯ ಹೊತ್ತಿಗೆ ನೌಕೆಯಲ್ಲಿ ಶೇ. 60 ಆಮ್ಲಜನಕ, ಶೇ. 40 ಸಾರಜನಕ ತುಂಬಿದರು. ಉಡುಪಿನ ಹೊರಪದರಕ್ಕೆ 'ಬೀಟಾ' ಬಟ್ಟೆ ಬಂತು. ಇದು ಬಹು ಸಣ್ಣ ಗಾಜಿನ ಎಳೆಗಳ ನೇಯ್ಗೆ. ಗಾಜು ಮೊದಲೇ ಆಮ್ಲಜನಕದೊಂದಿಗೆ ಸೇರಿದ ವಸ್ತುವಾದ್ದರಿಂದ ಉರಿಯದು. 650 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುತ್ತದೆ. ನೈಲಾನ್ ಆದರೋ 260 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಗಾಜಿನ ಎಳೆ ಉಜ್ಜಿದರೆ ತುಂಡಾಗುತ್ತದೆ, ಆದ್ದರಿಂದ ಅದಕ್ಕೆ ಟೆಫ್ಲಾನ್ ಲೇಪ ಕೊಟ್ಟರು. 1969ರಲ್ಲಿ ಚಂದ್ರನ ಮೇಲೆ ನಡೆದವರ ಬಿಳಿ ಉಡುಪಿನ ಹೊರಪದರ ಇದೇ.

ನಮಗೂ ಇದರಲ್ಲಿ ಒಂದು ಮಾತಿದೆ. ಈಸ್ಟರ್ ಜಾಗರಣೆಯಲ್ಲಿ ಮೇಣದಬತ್ತಿ ಹಿಡಿದು ಒತ್ತೊತ್ತಾಗಿ ನಿಲ್ಲುತ್ತೇವೆ. ನೈಲಾನ್, ಪಾಲಿಯೆಸ್ಟರ್ ದುಪಟ್ಟಾಗೆ ಕಿಡಿ ತಗಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಆ ರಾತ್ರಿ ಮೈಗೆ ಹೊಂದುವ ಹತ್ತಿ ಬಟ್ಟೆ ತೊಡಿ, ಪಕ್ಕದ ಮಗುವಿನ ಮೇಲೂ ಒಂದು ಕಣ್ಣಿಡಿ.

ಪವಾಡಕ್ಕಾಗಿ ಪ್ರಾರ್ಥಿಸೋಣ. ನಮ್ಮ ಕೈಲಾದ ಎಚ್ಚರವನ್ನು ಮಾತ್ರ ದೇವರ ಮೇಲೆ ಹಾಕದೆ ನಾವೇ ವಹಿಸೋಣ.